ಬೀಡಿನ ಸದ್ದು ಬಲ್ಲವರು

ಬೆಳಗಾವಿ ಕಡೆಯ ಮಾತಿನಲ್ಲಿ ಬಂಗಾರಕ್ಕೂ ಭಂಗಾರಕ್ಕೂ ಇರುವ ಅಂತರ ಒಂದೇ ಒಂದು ಮಹಾಪ್ರಾಣ. ಮೊದಲನೆಯದು ಬ್ಯಾಂಕಿನ ಲಾಕರಿನಲ್ಲಿರುತ್ತದೆ. ಎರಡನೆಯದು ಹಿತ್ತಲಿನಲ್ಲಿ, ಅಟ್ಟದ ಮೂಲೆಯಲ್ಲಿ, ಗ್ಯಾರೇಜಿನ ಹಿಂದಿನ ಗೋಡೆಯ ಬುಡದಲ್ಲಿ ಮಳೆಗೆ ನೆನೆಯುತ್ತ ಬಿದ್ದಿರುತ್ತದೆ. ಬೆಂಗಳೂರು, ಮೈಸೂರಿನವರು ಇದನ್ನು ಗುಜರಿ ಎನ್ನುತ್ತಾರೆ. ಹುಬ್ಬಳ್ಳಿ ಕಡೆ ಮೋಡಕಾ ಎಂದರೂ ತಿಳಿಯುತ್ತದೆ. ಹೆಸರು ಏನೇ ಇರಲಿ, ಮನೆಮಂದಿಗೆ ಅದು ಒಮ್ಮೆ ಕಣ್ಣೆದುರಿನಿಂದ ತೊಲಗಿದರೆ ಸಾಕು.

ಹಬ್ಬಕ್ಕೆ ಮನೆ ತೊಳೆಯುವಾಗ ಇವೆಲ್ಲ ಒಟ್ಟಿಗೇ ಹೊರಬರುತ್ತವೆ. ಸೀಳು ಬಿಟ್ಟ ದೋಸೆ ಕಾವಲಿ, ಅಜ್ಜಿ ತುಳಿಯುತ್ತಿದ್ದ ಹೊಲಿಗೆ ಯಂತ್ರದ ಕಾಲುಗಳು, ಅಂಗಡಿ ಮುಚ್ಚಿದ ಮೇಲೆ ಉಳಿದುಹೋದ ಐದು ಕಿಲೋ ತೂಕದ ಕಲ್ಲು, ಜೀಪಿನ ಬ್ರೇಕ್ ಡ್ರಮ್ಮು, ಯಾವುದೋ ಕಾಲದ ಕಿಟಕಿಯ ಸರಳು, ತಗಡಿನ ಡಬ್ಬಿ. ಮನೆಯವರ ಲೆಕ್ಕದಲ್ಲಿ ಇವೆಲ್ಲವೂ ‘ಕಬ್ಬಿಣ’. ತಕ್ಕಡಿಗೆ ಹಾಕಿ, ಕಿಲೋಗೆ ಇಷ್ಟೆಂದು ಎಣಿಸಿಕೊಂಡರೆ ವ್ಯವಹಾರ ಮುಗಿಯಿತು.

ಭಂಗಾರದ ಅಂಗಡಿಯ ಲೆಕ್ಕ ಶುರುವಾಗುವುದು ಆಮೇಲೆ. ಗೋಣಿಚೀಲ ಸುರಿದೊಡನೆ ಅಲ್ಲಿನ ಕೆಲಸಗಾರ ಪ್ರತಿಯೊಂದನ್ನೂ ಎತ್ತಿ ನೋಡಿ, ಕೆಲವನ್ನು ಎಡಕ್ಕೆ, ಕೆಲವನ್ನು ಬಲಕ್ಕೆ ಎಸೆಯುತ್ತಾನೆ. ಸರಳು, ತಗಡು, ಕೊಳವೆ ಒಂದು ಕಡೆ. ಕಾವಲಿ, ತೂಕದ ಕಲ್ಲು, ಡ್ರಮ್ಮು ಇನ್ನೊಂದು ಕಡೆ. ಈ ಎರಡನೆಯ ರಾಶಿಗೆ ಬೀಡು ಎಂದು ಹೆಸರು. ಪಠ್ಯಪುಸ್ತಕದಲ್ಲಿ ಎರಕದ ಕಬ್ಬಿಣ ಎಂದು ಓದುವುದು ಇದನ್ನೇ. ಎಸೆಯುವ ಕೈ ತಪ್ಪಿದರೆ ಅದರ ಪೆಟ್ಟು ಅಂಗಡಿಯಲ್ಲಿ ಕಾಣುವುದಿಲ್ಲ. ಅದು ಕಾಣುವುದು ಉದ್ಯಮಬಾಗದ ಯಾವುದೋ ಎರಕದ ಕಾರ್ಖಾನೆಯಲ್ಲಿ, ಅಲ್ಲಿಯೂ ತಪ್ಪಿಸಿಕೊಂಡರೆ ಘಾಟಿಯಲ್ಲಿ ಇಳಿಯುತ್ತಿರುವ ಲಾರಿಯ ಬ್ರೇಕಿನಲ್ಲಿ.

ಪೆನ್ಸಿಲಿನ ನಂಟು

ಬೀಡು ಮತ್ತು ಉಕ್ಕು ಒಂದೇ ಮನೆತನದವು. ಎರಡರಲ್ಲಿಯೂ ಇರುವುದು ಕಬ್ಬಿಣ ಮತ್ತು ಇಂಗಾಲ. ವ್ಯತ್ಯಾಸ ಇಂಗಾಲದ ಪ್ರಮಾಣದ್ದು. ಕಟ್ಟಡಕ್ಕೆ ಬಳಸುವ ಸರಳಿನ ಉಕ್ಕಿನಲ್ಲಿ ಇಂಗಾಲ ಶೇಕಡಾ ಕಾಲು ಭಾಗದ ಆಸುಪಾಸು. ಬೀಡಿನಲ್ಲಿ ಅದು ಶೇಕಡಾ ಎರಡೂವರೆಯಿಂದ ನಾಲ್ಕರವರೆಗೆ ಇರುತ್ತದೆ, ಜೊತೆಗೆ ಒಂದರಿಂದ ಮೂರರಷ್ಟು ಸಿಲಿಕಾನ್. ಇಷ್ಟು ಇಂಗಾಲ ಕಬ್ಬಿಣದಲ್ಲಿ ಕರಗಿ ಕೂರಲಾರದು. ಎರಕ ತಣಿಯುವಾಗ ಅದು ಸಣ್ಣ ಸಣ್ಣ ಹಾಳೆಗಳಾಗಿ ಬೇರ್ಪಟ್ಟು ಲೋಹದೊಳಗೇ ಉಳಿಯುತ್ತದೆ. ಈ ಹಾಳೆಗಳು ಗ್ರಾಫೈಟಿನವು, ಅಂದರೆ ಮಕ್ಕಳ ಪೆನ್ಸಿಲಿನಲ್ಲಿರುವ ಕಪ್ಪು ಕಡ್ಡಿಯ ವಸ್ತುವೇ. ಮುರಿದ ಬೀಡಿನ ಮೈಮೇಲೆ ಬೆರಳು ಸವರಿದರೆ ಮಸಿ ಹತ್ತುತ್ತದೆ. ಕಾಗದದ ಮೇಲೆ ಪೆನ್ಸಿಲು ಗೆರೆ ಬಿಡುವುದೂ ಇದೇ ಕಾರಣಕ್ಕೆ.

ಬೀಡಿನ ಗುಣ, ಅವಗುಣಗಳೆಲ್ಲ ಹೆಚ್ಚುಕಡಿಮೆ ಈ ಹಾಳೆಗಳಿಂದಲೇ ಬಂದವು. ಲೋಹದ ತುಂಬ ಮೊದಲೇ ಸಾವಿರಾರು ಬಿರುಕುಗಳಿದ್ದಂತೆ ಅವು ವರ್ತಿಸುವುದರಿಂದ ಬೀಡು ಬಗ್ಗುವುದಿಲ್ಲ, ಪಟ್ಟನೆ ಒಡೆಯುತ್ತದೆ. ಕಾವಲಿ ಕೈಜಾರಿ ಬಿದ್ದರೆ ನೆಗ್ಗುವುದಿಲ್ಲ, ಎರಡಾಗುತ್ತದೆ. ಆದರೆ ಅದೇ ಹಾಳೆಗಳು ಕಂಪನವನ್ನು ನುಂಗಿಕೊಳ್ಳುತ್ತವೆ, ಉಜ್ಜುವ ಮೈಗೆ ತಾವೇ ಒಂದಿಷ್ಟು ಜಾರುವ ಗುಣ ಕೊಡುತ್ತವೆ, ಶಾಖವನ್ನು ಬೇಗ ಹರಡುತ್ತವೆ. ಎಂಜಿನಿನ ಬ್ಲಾಕು, ಲೇತಿನ ಬುಡ, ಬ್ರೇಕ್ ಡ್ರಮ್ಮುಗಳಿಗೆ ಬೀಡನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಇನ್ನೊಂದು ಅನುಕೂಲವೂ ಇದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಇಂಗಾಲ ಸೇರಿದ ಬೀಡು 1150 ಡಿಗ್ರಿಯ ಸುಮಾರಿಗೇ ಕರಗತೊಡಗುತ್ತದೆ, ನೀರಿನಂತೆ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ.

ಅಯಸ್ಕಾಂತ ಇಲ್ಲಿ ಅರ್ಧ ಕೆಲಸ ಮಾತ್ರ ಮಾಡೀತು. ಅಲ್ಯೂಮಿನಿಯಂ, ಹಿತ್ತಾಳೆಗಳನ್ನು ಅದು ಬೇರೆ ಮಾಡುತ್ತದೆ. ಬೀಡು ಮತ್ತು ಉಕ್ಕು ಎರಡೂ ಅದಕ್ಕೆ ಒಂದೇ ರೀತಿ ಅಂಟಿಕೊಳ್ಳುತ್ತವೆ. ಹಾಗಾಗಿ ಅಂಗಡಿಯ ಕೆಲಸಗಾರ ನೆಚ್ಚುವುದು ತನ್ನ ಕಿವಿಯನ್ನು. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಬೆರಳ ಗಂಟಿನಿಂದ ತಟ್ಟಿ ನೋಡುವುದಿಲ್ಲವೇ, ತೆಂಗಿನಕಾಯಿಯನ್ನು ಕುಲುಕಿ ಕಿವಿಗೊಡುವುದಿಲ್ಲವೇ, ಹಾಗೆಯೇ. ಸುತ್ತಿಗೆಯ ಒಂದು ಏಟಿಗೆ ಉಕ್ಕು ‘ಠಣ್’ ಎಂದು ಬಹಳ ಹೊತ್ತು ಅನುರಣಿಸುತ್ತದೆ. ಬೀಡು ‘ಥಡ್’ ಎಂದು ಅಲ್ಲಿಗೇ ಸುಮ್ಮನಾಗುತ್ತದೆ. ಸದ್ದನ್ನು ತಿಂದುಹಾಕಿದ್ದು ಆ ಗ್ರಾಫೈಟ್ ಹಾಳೆಗಳು.

ಕಿವಿಯೂ ಮೋಸ ಹೋಗುವುದುಂಟು. 1943ರಲ್ಲಿ ಅಮೆರಿಕದ ಲೋಹವಿಜ್ಞಾನಿ ಕೀತ್ ಮಿಲ್ಲಿಸ್ ಕರಗಿದ ಬೀಡಿಗೆ ಸ್ವಲ್ಪ ಮೆಗ್ನೀಸಿಯಂ ಸೇರಿಸಿದಾಗ ಗ್ರಾಫೈಟು ಹಾಳೆಯಾಗುವ ಬದಲು ಪುಟ್ಟ ಗೋಲಿಗಳಾಗಿ ಕುಳಿತಿತು. ಈ ಗೋಲಿಗಳು ಬಿರುಕಿನಂತೆ ವರ್ತಿಸುವುದಿಲ್ಲ. ಹಾಗಾಗಿ ಈ ಬಗೆಯ ಬೀಡು ಬಗ್ಗುತ್ತದೆ, ಎಳೆದರೆ ತಾಳಿಕೊಳ್ಳುತ್ತದೆ. ‘ಎಸ್.ಜಿ. ಐರನ್’ ಎಂದು ಕಾರ್ಖಾನೆಗಳಲ್ಲಿ ಕರೆಯುವ ಇದರಿಂದ ಇಂದು ಎಷ್ಟೋ ಕಾರುಗಳ ಕ್ರ್ಯಾಂಕ್ ಶಾಫ್ಟ್, ಟ್ರ್ಯಾಕ್ಟರಿನ ಅಚ್ಚಿನ ಕವಚಗಳು ತಯಾರಾಗುತ್ತವೆ. ತಟ್ಟಿದರೆ ಇದು ಉಕ್ಕಿನ ಹಾಗೆಯೇ ಹಾಡುತ್ತದೆ. ಆಗ ಕೆಲಸಗಾರ ಅರದಿಂದ ಒಂದು ಮೂಲೆ ಉಜ್ಜುತ್ತಾನೆ, ಇಲ್ಲವೇ ಗ್ರೈಂಡಿಂಗ್ ಚಕ್ರಕ್ಕೆ ಹಿಡಿಯುತ್ತಾನೆ. ಉಕ್ಕಿನ ಕಿಡಿಗಳು ಉದ್ದಕ್ಕೆ, ಬೆಳ್ಳಗೆ, ನಕ್ಷತ್ರ ಕಡ್ಡಿಯಂತೆ ಸಿಡಿಯುತ್ತವೆ. ಬೀಡಿನವು ಗಿಡ್ಡ, ಚಕ್ರದ ಬಳಿ ಮಂಕು ಕೆಂಪು. ಲೇತಿನ ಕೆಳಗೆ ಬಿದ್ದ ತುಣುಕುಗಳನ್ನು ನೋಡಿಯೂ ಹೇಳಬಹುದು. ಉಕ್ಕು ಸುರುಳಿಸುರುಳಿಯಾಗಿ ಬರುತ್ತದೆ, ಬೀಡು ರವೆಯಂತೆ ಉದುರುತ್ತದೆ. ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಇಡೀ ಅವಧಿ ತೆಗೆದುಕೊಳ್ಳುವ ಪಾಠವನ್ನು ಶಾಲೆ ಮುಗಿಸದ ಕೆಲಸಗಾರ ಅರೆ ನಿಮಿಷದಲ್ಲಿ ಮುಗಿಸುತ್ತಾನೆ. ಬೆಳಗಾವಿಯಲ್ಲಂತೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಟ್ಟಡಗಳಿರುವುದೂ, ಎರಕದ ಕಾರ್ಖಾನೆಗಳು ಹೊಗೆಯಾಡುವುದೂ ಒಂದೇ ಮಚ್ಛೆಯಲ್ಲಿ.

ತೂಕದ ಕಲ್ಲಿನ ಹೊಟ್ಟೆಯಲ್ಲಿ

ಬೀಡೆಲ್ಲ ಒಂದೇ ಎಂದುಕೊಂಡರೆ ಅದೂ ತಪ್ಪು. ಮನೆಯ ಬೀಡು ಬೇರೆ, ಮೋಟಾರಿನ ಬೀಡು ಬೇರೆ.

ಮನೆಗೂ ಬೀಡಿಗೂ ಇರುವ ಸಂಬಂಧ ಹಳೆಯದು. ಚೀನಾದಲ್ಲಿ ಕ್ರಿಸ್ತಪೂರ್ವದಲ್ಲೇ ಬೀಡನ್ನು ಎರಕ ಹೊಯ್ಯುತ್ತಿದ್ದರು. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1709ರಲ್ಲಿ ಇದ್ದಿಲಿನ ಬದಲು ಕೋಕ್ ಉರಿಸಿ ಕಬ್ಬಿಣ ತೆಗೆದದ್ದು ಇತಿಹಾಸದ ಪುಸ್ತಕಗಳಲ್ಲಿದೆ. ಅದಕ್ಕೆ ಎರಡು ವರ್ಷ ಮೊದಲು, 1707ರಲ್ಲಿ, ಆತ ಪೇಟೆಂಟ್ ಪಡೆದದ್ದು ಮರಳಿನ ಅಚ್ಚಿನಲ್ಲಿ ಅಡುಗೆ ಪಾತ್ರೆ ಎರೆಯುವ ವಿಧಾನಕ್ಕೆ. ಕೈಗಾರಿಕಾ ಕ್ರಾಂತಿಯ ಬೇರು ಹುಡುಕಿಕೊಂಡು ಹೋದರೆ ಸಿಗುವುದು ಒಂದು ಗಡಿಗೆ!

ತೆಳ್ಳನೆಯ ಪಾತ್ರೆ, ಅಲಂಕಾರದ ಜಾಲರಿಗಳನ್ನು ಎರೆಯುವಾಗ ಲೋಹ ಚೆನ್ನಾಗಿ ಹರಿಯಲಿ ಎಂದು ಹಿಂದೆ ರಂಜಕದ ಅಂಶ ಹೆಚ್ಚಿರುವ ಕಬ್ಬಿಣವನ್ನು ಬಳಸುತ್ತಿದ್ದರು. ರಂಜಕ ಹೆಚ್ಚಾದಷ್ಟೂ ಬೀಡು ಇನ್ನಷ್ಟು ಪೆಡಸಾಗುತ್ತದೆ. ಕಿಟಕಿಯ ಜಾಲರಿಗೆ ಅದರಿಂದ ತೊಂದರೆಯಿಲ್ಲ. ಬ್ರೇಕ್ ಡ್ರಮ್ಮಿಗೆ ಇದೆ. ಒಲೆಯ ತಳದ ಕಂಬಿ, ಬಾಯ್ಲರಿನ ಜಾಲರಿಗಳದ್ದು ಇನ್ನೊಂದು ಕತೆ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ ಅವುಗಳ ಒಳಗಿನವರೆಗೂ ಆಮ್ಲಜನಕ ಹೊಕ್ಕಿರುತ್ತದೆ, ಮೈ ಉಬ್ಬಿ ಅಳತೆಯೇ ಹೆಚ್ಚಾಗಿರುತ್ತದೆ. ಇದು ಸುಟ್ಟ ಬೀಡು. ತೂಕಕ್ಕೆ ಉಂಟು, ಕುಲುಮೆಗೆ ಹಾಕಿದರೆ ಬಹುಪಾಲು ಕಿಟ್ಟವಾಗಿ ತೇಲುತ್ತದೆ. ಅನುಭವಿ ಕೆಲಸಗಾರರು ಇದನ್ನು ದೂರವೇ ಇಡುತ್ತಾರೆ.

ಎಲ್ಲಕ್ಕಿಂತ ಕುತೂಹಲದ್ದು ತೂಕದ ಕಲ್ಲು. ಕಿರಾಣಿ ಅಂಗಡಿಗಳಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಆರು ಮೂಲೆಯ ಈ ಬೀಡಿನ ತೂಕಗಳು ರಾಶಿರಾಶಿಯಾಗಿ ಭಂಗಾರಕ್ಕೆ ಬಂದವು. ನೋಡಲು ಅಪ್ಪಟ ಬೀಡು. ಕೆಳಗೆ ತಿರುಗಿಸಿದರೆ ಒಂದು ತೂತು, ಅದರಲ್ಲಿ ಬೂದುಬಣ್ಣದ ಮೆತ್ತನೆಯ ಲೋಹ, ಅದರ ಮೇಲೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ. ಆ ಮೆತ್ತನೆಯ ಲೋಹ ಸೀಸ. ಎರಕ ಹೊಯ್ದ ಕಲ್ಲಿನ ತೂಕ ಗ್ರಾಮು ಲೆಕ್ಕದಲ್ಲಿ ಸರಿಯಾಗಿ ಬರುವುದಿಲ್ಲವಾದ್ದರಿಂದ ತೂತು ಬಿಟ್ಟು, ಸೀಸ ತುಂಬಿ ಸರಿದೂಗಿಸುತ್ತಿದ್ದರು. ಸೀಸ ಮೆದುವಾದ್ದರಿಂದ ಮುದ್ರೆ ಒತ್ತಲೂ ಅದೇ ಅನುಕೂಲ.

ಐದು ಕಿಲೋ ಬೀಡಿನಲ್ಲಿ ಒಂದು ಚೂರು ಸೀಸ ಇದ್ದರೆ ಏನಾಯಿತು ಎನಿಸಬಹುದು. ಬೀಡಿನಲ್ಲಿ ಗ್ರಾಫೈಟು ಹೇಗೆ ಕೂರಬೇಕು ಎಂಬುದನ್ನು ಕೆಡಿಸಲು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಸೀಸ ಸಾಕು. ದುಂಡುತುದಿಯ ಹಾಳೆಗಳ ಬದಲು ಮುಳ್ಳುಮುಳ್ಳಾದ, ಸೂಜಿಯಂಥ ಗ್ರಾಫೈಟು ಹುಟ್ಟುತ್ತದೆ. ಎರಕದ ಬಲ ಥಟ್ಟನೆ ಕುಸಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ತಿಳಿಯದು, ಬಣ್ಣ ಹಚ್ಚಿದ ಮೇಲಂತೂ ಇಲ್ಲವೇ ಇಲ್ಲ. ಒಂದು ಟನ್ ಕರಗಿದ ಲೋಹವನ್ನು ಕೆಡಿಸಲು ನೂರು ಗ್ರಾಂ ಸೀಸ ಹೆಚ್ಚೇ ಆಯಿತು. ಹಳೆಯ ಕಟ್ಟಡಗಳ ಶೌಚದ ಬೀಡಿನ ಕೊಳವೆಗಳಲ್ಲಿಯೂ ಇದೇ ಅಪಾಯ ಅಡಗಿದೆ. ಕೊಳವೆ ಕೊಳವೆ ಕೂಡುವಲ್ಲಿ ನಾರು ತುರುಕಿ ಸೀಸ ಕಾಸಿ ಹೊಯ್ಯುವುದು ಅಂದಿನ ಪದ್ಧತಿ. ಪಿ.ವಿ.ಸಿ. ಕೊಳವೆ ಹಾಕಿಸುವವರು ಹಳೆಯದನ್ನು ಒಡೆದು ಕೊಡುವಾಗ ಕೂಡುಭಾಗದ ಸೀಸವೂ ಜೊತೆಗೇ ಹೋಗುತ್ತದೆ.

ಆದ್ದರಿಂದ ಒಳ್ಳೆಯ ಅಂಗಡಿಯಲ್ಲಿ ತೂಕದ ಕಲ್ಲನ್ನು ಹಾಗೆಯೇ ರಾಶಿಗೆ ಎಸೆಯುವುದಿಲ್ಲ. ಉಳಿಯಿಂದ ಸೀಸ ಕೆತ್ತಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ಸೀಸಕ್ಕೆ ಬೀಡಿಗಿಂತ ಹೆಚ್ಚಿನ ಬೆಲೆ ಎಂಬುದೂ ಒಂದು ಕಾರಣ ಎನ್ನಿ. ಲಾಭದಾಸೆ ಇಲ್ಲಿ ಗುಣಮಟ್ಟದ ಕಾವಲುಗಾರನಾಗಿದೆ, ಇರಲಿ. ಆದರೆ ಸೀಸದ ಪುಡಿ ಉಗುರಿನ ಸಂದಿಯಿಂದ ಊಟದ ತುತ್ತಿಗೆ, ಬಟ್ಟೆಯಿಂದ ಮನೆಯ ಮಗುವಿನ ಕೈಗೆ ದಾಟುತ್ತದೆ. ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಕೈತೊಳೆಯಲು ಒಂದು ನಲ್ಲಿ, ಒಂದು ಸೋಪು ಇಲ್ಲದ ಅಂಗಡಿಯಲ್ಲಿ ಈ ಕೆಲಸ ನಡೆಯುವುದನ್ನು ಜಾಣತನ ಎಂದು ಹೊಗಳಲಾಗದು.

ಮೋಟಾರಿನ ಬೀಡು

ವಾಹನದಿಂದ ಬಿಚ್ಚಿದ ಬೀಡಿಗೆ ಎರಕದ ಕಾರ್ಖಾನೆಗಳಲ್ಲಿ ಮರ್ಯಾದೆ ಹೆಚ್ಚು. ಎಂಜಿನ್ ಬ್ಲಾಕು, ಸಿಲಿಂಡರ್ ಹೆಡ್ಡು, ಫ್ಲೈವ್ಹೀಲು, ಬ್ರೇಕ್ ಡ್ರಮ್ಮು, ಕ್ಲಚ್ಚಿನ ಒತ್ತುಫಲಕ ಇವೆಲ್ಲ ಒಮ್ಮೆ ಪರೀಕ್ಷೆ ಪಾಸಾಗಿ ಬಂದ ಲೋಹಗಳು. ಅವುಗಳ ಮಿಶ್ರಣ ಹೆಚ್ಚುಕಡಿಮೆ ಗೊತ್ತಿರುವಂಥದ್ದು. ಹಳೆಯ ಲಾರಿಯ ಡ್ರಮ್ಮು ಮತ್ತೆ ಡ್ರಮ್ಮಾಗಲು ಅಡ್ಡಿಯಿಲ್ಲ. ಇಂದಿನ ಕಾರುಗಳಲ್ಲಿ ಅಲ್ಯೂಮಿನಿಯಂ ಬ್ಲಾಕುಗಳು ಹೆಚ್ಚಿವೆ. ಅವುಗಳ ಒಳಗೆ ಬೀಡಿನ ತೋಳು ಕೂರಿಸಿರುವುದುಂಟು. ಎರಡನ್ನೂ ಬೇರ್ಪಡಿಸದೆ ಕುಲುಮೆಗೆ ಹಾಕಿದರೆ ಅಲ್ಯೂಮಿನಿಯಂ ಎರಕದ ಚರ್ಮದ ಕೆಳಗೆ ಸೂಜಿಮೊನೆಯಷ್ಟು ತೂತುಗಳನ್ನು ಬಿಡಿಸುತ್ತದೆ.

ಬ್ಲಾಕನ್ನು ಇಡಿಯಾಗಿ ಕುಲುಮೆಗೆ ತುರುಕಲಾಗದು. ಸಮ್ಮಟಿಗೆಯಿಂದ ಒಡೆಯಬೇಕು. ಉಕ್ಕಾಗಿದ್ದರೆ ಗ್ಯಾಸ್ ಕಟ್ಟರ್ ಬೇಕಿತ್ತು. ಬೀಡಾದ್ದರಿಂದ ಸರಿಯಾದ ಜಾಗಕ್ಕೆ ಬಿದ್ದ ನಾಲ್ಕು ಏಟಿಗೆ ಹೋಳಾಗುತ್ತದೆ. ಸರಿಯಾದ ಜಾಗ ಯಾವುದು ಎಂಬುದೇ ವಿದ್ಯೆ. ತಪ್ಪಿದರೆ ಗಾಜಿನಂತೆ ಚೂರು ಹಾರುತ್ತದೆ. ಕಣ್ಣಿಗೆ ಕನ್ನಡಕವಿಲ್ಲದೆ, ಕಾಲಿಗೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಈ ಕೆಲಸ ಮಾಡುವವರನ್ನು ಯಾವ ಊರಿನ ಗುಜರಿ ಅಂಗಡಿಯಲ್ಲಿಯೂ ನೋಡಬಹುದು. ಬ್ರೇಕ್ ಡ್ರಮ್ಮಿನ ಒಳಗೆ ಕುಳಿತ ಕಂದುಪುಡಿಯನ್ನು ಬಾಯಿಂದ ಊದಿ ಹಾರಿಸುವ ಅಭ್ಯಾಸ ಇನ್ನೂ ಕೆಟ್ಟದ್ದು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದರ ನಾರು ಶ್ವಾಸಕೋಶಕ್ಕೆ ಇಳಿದರೆ ರೋಗ ಕಾಣಿಸಿಕೊಳ್ಳುವುದು ಎರಡು ಮೂರು ದಶಕಗಳ ನಂತರ, ಆಗ ಕಾರಣ ಕೇಳುವವರೂ ಇರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆದರೆ ಖರ್ಚೇನೂ ಇಲ್ಲ.

ಹಳೆಯ ವಾಹನಗಳನ್ನು ಬಿಚ್ಚುವ ಕೆಲಸಕ್ಕೆ ಕೇಂದ್ರ ಸರಕಾರ 2021ರಲ್ಲಿ ನಿಯಮಗಳನ್ನು ಮಾಡಿತು. ನೋಂದಾಯಿತ ಘಟಕದಲ್ಲಿ ಮೊದಲು ಎಣ್ಣೆ, ಬ್ಯಾಟರಿ, ಏ.ಸಿ.ಯ ಅನಿಲ ಎಲ್ಲವನ್ನೂ ಹೊರತೆಗೆಯಬೇಕು, ಬಳಿಕವಷ್ಟೇ ಲೋಹಕ್ಕೆ ಕೈಹಚ್ಚಬೇಕು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇನ್ನೊಂದು ನಿಯಮಾವಳಿ ವಾಹನ ತಯಾರಿಸಿದ ಕಂಪನಿಗಳ ಮೇಲೂ ಈ ಹೊಣೆಯನ್ನು ಹೊರಿಸಿದೆ. ಕಾಗದದ ಮೇಲೆ ಇದು ಸರಿಯೇ. ಆದರೆ ಸ್ಕೂಟರಿನ ಡ್ರಮ್ಮು ಬದಲಿಸುವ ಮೂಲೆಯ ಗ್ಯಾರೇಜಿನವನು ಹಳೆಯದನ್ನು ಕೊಡುವುದು ಪಕ್ಕದ ಭಂಗಾರದ ಅಂಗಡಿಗೇ. ಬಿಡಿಭಾಗಗಳ ಈ ಸಣ್ಣ ಹೊಳೆ ಎಂದಿನ ದಾರಿಯಲ್ಲೇ ಹರಿಯುತ್ತದೆ, ಅದನ್ನು ವಿಂಗಡಿಸುವ ಕೈಗಳೂ ಅವೇ.

ಅಡುಗೆಯಂತೆ ಒಂದು ಪಾಕ

ಅಂಗಡಿಯಿಂದ ಟೆಂಪೊದಲ್ಲಿ ಹೊರಟ ಬೀಡು ಉದ್ಯಮಬಾಗ, ಮಚ್ಛೆಯ ಎರಕದ ಕಾರ್ಖಾನೆಗಳಿಗೆ ತಲುಪುತ್ತದೆ. ಪಂಪಿನ ಕವಚ, ಕವಾಟ, ಟ್ರ್ಯಾಕ್ಟರು ಮತ್ತು ಮೋಟಾರುಗಳ ಬಿಡಿಭಾಗ ಇಲ್ಲಿಯ ಮುಖ್ಯ ಉತ್ಪನ್ನಗಳು. ಶಿವಮೊಗ್ಗ, ಹುಬ್ಬಳ್ಳಿಗಳಲ್ಲಿಯೂ ಇಂಥ ಕಾರ್ಖಾನೆಗಳಿವೆ.

ಹಿಂದೆ ಇಲ್ಲಿ ಉರಿಯುತ್ತಿದ್ದುದು ಕ್ಯುಪೋಲಾ, ಅಂದರೆ ನಿಲುಕೊಳವೆಯಂಥ ಕುಲುಮೆ. ಮೇಲಿನಿಂದ ಒಂದು ಪದರ ಕೋಕ್, ಒಂದು ಪದರ ಕಬ್ಬಿಣ, ಸ್ವಲ್ಪ ಸುಣ್ಣಕಲ್ಲು ಹಾಕುತ್ತ ಹೋದರೆ ಕೆಳಗಿನಿಂದ ಬೆಂಕಿಯ ನೀರು ಬರುತ್ತದೆ. ಅದರ ಹೊಗೆ ಎಂಥದ್ದೆಂದರೆ, ತಾಜಮಹಲಿನ ಅಮೃತಶಿಲೆ ಹಳದಿಯಾಗುತ್ತಿದೆ ಎಂಬ ಮೊಕದ್ದಮೆಯಲ್ಲಿ ಆಗ್ರಾದ ಎರಕದ ಕಾರ್ಖಾನೆಗಳೂ ಕಟಕಟೆ ಏರಬೇಕಾಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅಲ್ಲಿನ ಕೈಗಾರಿಕೆಗಳಿಗೆ ಕಲ್ಲಿದ್ದಲು, ಕೋಕ್ ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಿ, ಇಲ್ಲವೇ ಜಾಗ ಖಾಲಿ ಮಾಡಿ ಎಂದಿತು. ಬೆಳಗಾವಿಯಲ್ಲಿ ಈಗ ಹೆಚ್ಚಾಗಿ ಕಾಣುವುದು ವಿದ್ಯುತ್ತಿನ ಇಂಡಕ್ಷನ್ ಕುಲುಮೆ. ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹರಿದರೆ ನಡುವೆ ಇರುವ ಲೋಹ ತಾನೇ ಕಾದು ಕರಗುತ್ತದೆ. ಅಡುಗೆಮನೆಯ ಇಂಡಕ್ಷನ್ ಒಲೆಯ ತತ್ವವೇ ಇದು. ಒಂದು ಟನ್ ಕರಗಿಸಲು ಸುಮಾರು 600 ಯೂನಿಟ್ ವಿದ್ಯುತ್ ಬೇಕು. ಇದು ಕಡಿಮೆಯೇನಲ್ಲ. ಆದರೆ ಅದೇ ಒಂದು ಟನ್ ಕಬ್ಬಿಣವನ್ನು ಅದಿರಿನಿಂದ ತೆಗೆಯಲು ಒಂದೂವರೆ ಟನ್ನಿಗಿಂತ ಹೆಚ್ಚು ಅದಿರು ಅಗೆಯಬೇಕು, ಮೇಲೆ ಕೋಕ್, ಸುಣ್ಣಕಲ್ಲು ಬೇರೆ. ಬಳ್ಳಾರಿಯ ಬೆಟ್ಟಗಳಿಗೆ ಏನಾಯಿತು ಎಂಬುದು ಕನ್ನಡಿಗರಿಗೆ ತಿಳಿಯದ್ದಲ್ಲ. ಅಲ್ಲಿಯ ಗಣಿಗಾರಿಕೆಯನ್ನು 2011ರಲ್ಲಿ ಸುಪ್ರೀಂ ಕೋರ್ಟೇ ನಿಲ್ಲಿಸಬೇಕಾಗಿ ಬಂತು.

ಕುಲುಮೆಗೆ ಬೀಡೊಂದನ್ನೇ ಹಾಕುವುದಿಲ್ಲ. ಅಳತೆ ನೋಡಿ ಉಕ್ಕಿನ ಚೂರು, ಇಂಗಾಲದ ಪುಡಿ, ಸಿಲಿಕಾನ್ ಬೆರೆತ ಕಬ್ಬಿಣ ಸೇರಿಸುತ್ತಾರೆ. ಹುಳಿ ಹೆಚ್ಚಾದರೆ ಬೆಲ್ಲ, ಉಪ್ಪು ಹೆಚ್ಚಾದರೆ ನೀರು ಎಂಬಂತೆ ಈ ಪಾಕವನ್ನು ತಿದ್ದಬಹುದು. ಇಂಗಾಲ, ಸಿಲಿಕಾನ್ ಕಡಿಮೆಯಾದರೆ ಸೇರಿಸಿ ಸರಿಪಡಿಸಬಹುದು. ಹಾಗೆ ತಿದ್ದಲಾಗದ್ದೂ ಇದೆ. ಸ್ಟೇನ್‌ಲೆಸ್ ಉಕ್ಕಿನ ಲೋಟವೋ ಬೇರಿಂಗಿನ ಗುಂಡೋ ಬೀಡಿನ ಜೊತೆ ಒಳಹೊಕ್ಕರೆ ಕ್ರೋಮಿಯಂ ಬಂತೆಂದೇ ಅರ್ಥ. ಅದನ್ನು ಹೊರತೆಗೆಯುವ ಉಪಾಯ ಈ ಕುಲುಮೆಯಲ್ಲಿಲ್ಲ. ಅಂಥ ಎರಕದಲ್ಲಿ ಇಂಗಾಲ ಗ್ರಾಫೈಟಾಗದೆ ಕಬ್ಬಿಣದ ಜೊತೆ ಕೂಡಿಕೊಂಡು ಗಾಜಿನಷ್ಟು ಗಡಸು ಪದಾರ್ಥವಾಗುತ್ತದೆ, ಲೇತಿನ ಅಲಗು ಕಚ್ಚುವುದೇ ಇಲ್ಲ. ಇದನ್ನು ಮೊದಲೇ ಕಂಡುಕೊಳ್ಳಲು ಹೊಯ್ಯುವ ಮುನ್ನ ಒಂದು ಸೌಟು ಲೋಹವನ್ನು ಬೆಣೆಯಾಕಾರದ ಪುಟ್ಟ ಅಚ್ಚಿಗೆ ಸುರಿದು, ತಣಿಸಿ, ಒಡೆದು ನೋಡುತ್ತಾರೆ. ಮುರಿದ ಮೈಯ ಚೂಪಿನ ಕಡೆ ಬಿಳುಪು ಎಷ್ಟು ದೂರ ಹಬ್ಬಿದೆ, ಬೂದು ಎಲ್ಲಿಂದ ಶುರುವಾಗಿದೆ ಎಂಬುದೇ ಉತ್ತರ. ಸೀಸದಂಥ ಸೂಕ್ಷ್ಮ ಶತ್ರುಗಳನ್ನು ಹಿಡಿಯಲು ಕಿಡಿಯ ಬೆಳಕನ್ನು ಅಳೆಯುವ ಸ್ಪೆಕ್ಟ್ರೊಮೀಟರ್ ಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಅದಿದೆ. ಪುಟ್ಟ ಕಾರ್ಖಾನೆಗೆ ಅದರ ಬೆಲೆ ಭಾರ. ಹಾಗಾಗಿ ಅವರ ಪಾಲಿನ ಸ್ಪೆಕ್ಟ್ರೊಮೀಟರು ಎಂದರೆ ಭಂಗಾರದ ಅಂಗಡಿಯಲ್ಲಿ ಕೂತು ಸುತ್ತಿಗೆ ತಟ್ಟುವ ಮನುಷ್ಯನೇ.

ಆ ಮನುಷ್ಯನ ಕಣ್ತಪ್ಪು ಜೀವಕ್ಕೂ ಎರವಾಗಬಹುದು. ಎರಡೂ ತುದಿ ಮುಚ್ಚಿದ ಕೊಳವೆ, ಬಿಚ್ಚದ ಷಾಕ್ ಅಬ್ಸಾರ್ಬರ್, ಮಳೆನೀರು ನಿಂತ ಬ್ಲಾಕಿನ ಗುಳಿ ಕುಲುಮೆಗೆ ಬಿದ್ದರೆ ಸ್ಫೋಟ. ನೀರು ಆವಿಯಾದರೆ ಅದರ ಗಾತ್ರ ಒಂದೂವರೆ ಸಾವಿರ ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಕರಗಿದ ಲೋಹದ ಕೆಳಗೆ ಆ ಹಿಗ್ಗುವಿಕೆಗೆ ಜಾಗವಿಲ್ಲ, ಮೇಲಿನ ಬೆಂಕಿಯೆಲ್ಲ ಹಾರಿ ಸುತ್ತಲಿದ್ದವರ ಮೇಲೆ ಬೀಳುತ್ತದೆ. ದೆಹಲಿಯ ಮಾಯಾಪುರಿಯಲ್ಲಿ 2010ರ ಏಪ್ರಿಲಿನಲ್ಲಿ ನಡೆದದ್ದು ಇದಕ್ಕಿಂತ ಭಿನ್ನವಾದ ದುರಂತ. ಅಲ್ಲಿಯ ವಿಶ್ವವಿದ್ಯಾಲಯವೊಂದು ಬಳಸದೆ ಬಿಟ್ಟಿದ್ದ ಗಾಮಾ ಕಿರಣದ ಉಪಕರಣವನ್ನು ಹರಾಜಿನಲ್ಲಿ ಮಾರಿತ್ತು. ಗುಜರಿ ಕೆಲಸಗಾರರು ಅದನ್ನು ಬಿಚ್ಚಿದಾಗ ಒಳಗಿದ್ದ ಕೋಬಾಲ್ಟ್-60 ಹೊರಬಂತು. ಹಲವರು ವಿಕಿರಣದಿಂದ ಸುಟ್ಟು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಹಳದಿ ಹಿನ್ನೆಲೆಯ ಮೇಲೆ ಮೂರು ರೆಕ್ಕೆಯ ಆ ಗುರುತನ್ನು ಕಂಡವರಾರೂ ಅಲ್ಲಿರಲಿಲ್ಲವೋ, ಕಂಡರೂ ಅರ್ಥ ತಿಳಿದವರಿರಲಿಲ್ಲವೋ. ಹೈಸ್ಕೂಲಿನ ವಿದ್ಯಾರ್ಥಿಗಳು ಆ ಚಿಹ್ನೆಯನ್ನು ಪರೀಕ್ಷೆಗಾಗಿ ಅಲ್ಲದೆ ಬೇರೆ ಕಾರಣಕ್ಕೂ ನೆನಪಿಟ್ಟುಕೊಳ್ಳಬೇಕು.

ಮನೆಯವರು ಮಾಡಬಹುದಾದ್ದು ಹೆಚ್ಚೇನಿಲ್ಲ, ಆದರೆ ಇದೆ. ತುಕ್ಕು ಹಿಡಿಯಿತೆಂದು ಕಾವಲಿಯನ್ನು ಭಂಗಾರಕ್ಕೆ ಹಾಕುವುದು ದಡ್ಡತನ. ಉಜ್ಜಿ ತೊಳೆದು, ಒಣಗಿಸಿ, ಎಣ್ಣೆ ಸವರಿ ಎರಡು ಮೂರು ಬಾರಿ ಕಾಯಿಸಿದರೆ ಅದು ಮತ್ತೆ ದೋಸೆ ಎಬ್ಬಿಸುತ್ತದೆ. ಪೇಟೆಯಲ್ಲಿ ಇದೇ ಬೀಡಿನ ಕಾವಲಿಗೆ ‘ಆರೋಗ್ಯಕರ’ ಎಂಬ ಚೀಟಿ ಅಂಟಿಸಿ ಸಾವಿರದ ಲೆಕ್ಕದಲ್ಲಿ ಮಾರುತ್ತಿರುವಾಗ, ಅಜ್ಜಿ ಪಳಗಿಸಿಟ್ಟದ್ದನ್ನು ಕಿಲೋ ಲೆಕ್ಕದಲ್ಲಿ ಕೊಟ್ಟುಬಿಡುವ ಮನೆಗಳು ಎಷ್ಟಿಲ್ಲ! ಸೀಳು ಬಿಟ್ಟದ್ದಾದರೆ ಮಾತು ಬೇರೆ. ಬೀಡಿಗೆ ಬೆಸುಗೆ ಸುಲಭವಾಗಿ ನಿಲ್ಲುವುದಿಲ್ಲ, ಅದನ್ನು ಕೊಟ್ಟುಬಿಡುವುದೇ ಸರಿ. ಕೊಡುವಾಗ ಬೀಡನ್ನು ಬೇರೆಯಾಗಿ ತೂಗಿ ಎಂದು ಕೇಳಬಹುದು. ತೂಕದ ಕಲ್ಲು, ಹಳೆಯ ಕೊಳವೆಗಳಿದ್ದರೆ ಸೀಸವಿದೆ ಎಂದು ಬಾಯಿಬಿಟ್ಟು ಹೇಳಬಹುದು. ಮುಚ್ಚಿದ ಡಬ್ಬಿ, ಗ್ಯಾಸ್ ತುಂಬಿದ ಏನನ್ನೂ ಆ ಚೀಲದಲ್ಲಿ ಸೇರಿಸದಿರಬಹುದು. ಚೀಲ ಒಯ್ಯಲು ಬಂದದ್ದು ಹತ್ತು ಹನ್ನೆರಡರ ಹುಡುಗನಾದರೆ, ಅವನು ಆ ಹೊತ್ತಿನಲ್ಲಿ ಶಾಲೆಯಲ್ಲಿ ಇರಬೇಕಾಗಿತ್ತಲ್ಲವೇ ಎಂದು ಅಂಗಡಿಯವನನ್ನು ಕೇಳಬಹುದು. 2016ರ ತಿದ್ದುಪಡಿಯ ನಂತರ ಕಾನೂನು 14 ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ, 18 ತುಂಬದವರನ್ನು ಅಪಾಯದ ಕೆಲಸಕ್ಕೂ ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ.

ಈ ವಿದ್ಯೆಯನ್ನು ಕಲಿಯಬೇಕೆನ್ನುವ ಹುಡುಗ ಹುಡುಗಿಯರಿಗೆ ಬೇರೆ ದಾರಿಗಳಿವೆ. ಐ.ಟಿ.ಐ.ಗಳಲ್ಲಿ ಎರಕದ ಕೆಲಸಕ್ಕೆಂದೇ ಫೌಂಡ್ರಿಮನ್ ತರಬೇತಿ ಇದೆ. ಸುರತ್ಕಲ್ಲಿನ ಎನ್.ಐ.ಟಿ.ಯಲ್ಲಿ ಲೋಹ ಮತ್ತು ವಸ್ತುವಿಜ್ಞಾನದ ಎಂಜಿನಿಯರಿಂಗ್ ವಿಭಾಗವೇ ಇದೆ. ಕಂಪ್ಯೂಟರ್ ಬಿಟ್ಟು ಬೇರೆಯದನ್ನು ಓದಿದರೆ ಅನ್ನ ಹುಟ್ಟುವುದಿಲ್ಲ ಎಂದು ನಂಬಿರುವ ಪಾಲಕರು ಅಲ್ಲಿಗೆ ಮಕ್ಕಳನ್ನು ಕಳಿಸಲು ಹಿಂದೆಮುಂದೆ ನೋಡುತ್ತಾರೆ. ಇತ್ತ ಗುಜರಿ ಅಂಗಡಿಗಳಲ್ಲಿಯೂ ಕಿವಿ ಪಳಗಿದ ಹಳಬರ ಜಾಗಕ್ಕೆ ಬರುವವರ ಬಗ್ಗೆ ಖಾತ್ರಿಯಿಲ್ಲ. ಸಿಕ್ಕಿದ್ದನ್ನೆಲ್ಲ ಯಂತ್ರದಲ್ಲಿ ಒತ್ತಿ ಮುದ್ದೆ ಕಟ್ಟಿ ಲಾರಿಗೇರಿಸುವುದು ಸುಲಭ. ಆ ಮುದ್ದೆಯ ನಡುವೆ ಏನಿದೆ ಎಂದು ತಟ್ಟಿ ನೋಡಿ ಹೇಳಲು ಬರುವುದಿಲ್ಲ.

ಸಂಜೆ ಹೊಯ್ದ ಎರಕ ಮರಳಿನ ಅಚ್ಚಿನಲ್ಲೇ ಆರುತ್ತದೆ. ಬಳಿಕ ಅಚ್ಚು ಒಡೆದರೆ ಪಂಪಿನ ಕವಚ ಹೊರಬರುತ್ತದೆ, ಜೊತೆಗೆ ಲೋಹ ಹರಿದುಬಂದ ಕಾಲುವೆಗಳೂ ಕೊಂಬೆಗಳಂತೆ ಅದಕ್ಕೆ ಅಂಟಿಕೊಂಡಿರುತ್ತವೆ. ಸುತ್ತಿಗೆಯ ಏಟಿಗೆ ಅವು ಕಳಚಿ ಬೀಳುತ್ತವೆ. ಕವಚ ಉಜ್ಜುವ ಚಕ್ರದ ಕಡೆಗೆ ಹೋಗುತ್ತದೆ, ಕಳಚಿದ ಕೊಂಬೆಗಳು ಮುಂದಿನ ಪಾಕಕ್ಕೆಂದು ಕುಲುಮೆಯ ಪಕ್ಕದ ರಾಶಿಗೆ ಸೇರುತ್ತವೆ.